ಎರರ್ ಬಂದ ತಕ್ಷಣ ಕೈಚೆಲ್ಲುವ ಹುಡುಗರಿಗೆ ಏನು ಮಾಡೋಣ?

ಮೊದಲ ಸೆಮಿಸ್ಟರ್ ಶುರುವಾದರೆ ಸಾಕು, ಇವೇ ಪ್ರಶ್ನೆಗಳು. ಉತ್ತರ ಬರೆದೂ ಬರೆದೂ ಸಾಕಾಗಿದೆ. ಈ ಸಲ ಒಂದಕ್ಕೆ ಉದ್ದವಾಗಿ ಬರೆಯುತ್ತೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಇಂಜಿನಿಯರಿಂಗ್ ಮೊದಲ ವರ್ಷದವರಿಗೆ ಸಿ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಗ್ರೋತ್ ಮೈಂಡ್‌ಸೆಟ್ ಬಗ್ಗೆ, ಅಂದರೆ ಬುದ್ಧಿಯನ್ನು ಬೆಳೆಸಿಕೊಳ್ಳಬಹುದು ಅನ್ನುವ ನಂಬಿಕೆಯ ಬಗ್ಗೆ, ಓದಿಕೊಂಡು ‘ಪ್ರಯತ್ನಪಟ್ಟರೆ ಎಲ್ಲರಿಗೂ ಬರುತ್ತದೆ’ ಅಂತ ಪ್ರತಿ ಕ್ಲಾಸಲ್ಲೂ ಹೇಳುತ್ತೇನೆ. ಆದರೂ ಒಂದು ಎರರ್ ಬಂದರೆ ‘ಇದು ನನ್ನ ತಲೆಗೆ ಹತ್ತಲ್ಲ ಮೇಡಂ’ ಅಂತ ಕೂತುಬಿಡುತ್ತಾರೆ. ಏನು ಮಾಡಲಿ?

ಮೊದಲು ಭಾಷಣ ನಿಲ್ಲಿಸಿ ಮೇಡಂ. ನೀವು ಕ್ಲಾಸಲ್ಲಿ ಏನೇ ಹೇಳಿ, ಲ್ಯಾಬಿನಲ್ಲಿ ನಡೆಯುವುದೇ ಬೇರೆ ಅಲ್ವಾ? ಔಟ್‌ಪುಟ್ ಬಂದರೆ ಮಾರ್ಕ್ಸ್, ಬರದಿದ್ದರೆ ಸೊನ್ನೆ. ರೆಕಾರ್ಡಿನಲ್ಲಿ ಚಿತ್ತು ಇರಬಾರದು. ಹುಡುಗರು ದಡ್ಡರಲ್ಲ, ಮಾರ್ಕ್ಸ್ ಎಲ್ಲಿಂದ ಬರುತ್ತದೆ ಅಂತ ನೋಡಿಕೊಂಡು ಪಕ್ಕದವರ ರೆಕಾರ್ಡ್ ಇಳಿಸಿಕೊಳ್ಳುತ್ತಾರೆ, ಎಕ್ಸಾಮಿಗೆ ಇಡೀ ಪ್ರೋಗ್ರಾಮನ್ನೇ ಉರು ಹೊಡೆದುಕೊಂಡು ಬರುತ್ತಾರೆ, ಒಂದು ಸಾಲು ಮರೆತರೆ ಅಲ್ಲಿಗೆ ಕಥೆ ಮುಗಿಯಿತು.

ನೀವು ಓದಿದ್ದು ಅಮೆರಿಕದ ಮನಃಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಅವರ ವಿಚಾರ. ಅವರೂ ಕ್ಲಾಡಿಯಾ ಮುಲ್ಲರ್ ಅವರೂ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ನೀನು ಜಾಣ’ ಅಂತ ಹೊಗಳಿಸಿಕೊಂಡ ಐದನೇ ಕ್ಲಾಸಿನ ಮಕ್ಕಳು ಕಷ್ಟದ ಪ್ರಶ್ನೆಯಲ್ಲಿ ಎಡವಿದ ಮೇಲೆ ಬೇಗ ಆಸಕ್ತಿ ಕಳೆದುಕೊಂಡರು, ‘ಚೆನ್ನಾಗಿ ಕಷ್ಟಪಟ್ಟೆ’ ಅನ್ನಿಸಿಕೊಂಡವರು ಪಟ್ಟು ಬಿಡಲಿಲ್ಲ. ಸರಿ. ಆದರೆ ಅಮೆರಿಕದ ಒಂಬತ್ತನೇ ಕ್ಲಾಸಿನವರ ಮೇಲೆ ಮಾಡಿದ ದೊಡ್ಡ ಪ್ರಯೋಗ 2019ರಲ್ಲಿ ಬಂತಲ್ಲ, ಅದರಲ್ಲಿ ಒಂದು ಗಂಟೆಗೂ ಕಡಿಮೆ ಆನ್‌ಲೈನ್ ಪಾಠದಿಂದ ಹಿಂದುಳಿದ ಮಕ್ಕಳ ಗ್ರೇಡ್ ಸರಾಸರಿ ಏರಿದ್ದು ಸುಮಾರು 0.1 ಪಾಯಿಂಟ್. ಅದೂ ಜಾಸ್ತಿ ಕಂಡದ್ದು, ಕಷ್ಟದ ಕೆಲಸಕ್ಕೆ ಕೈಹಾಕುವ ಗೆಳೆಯರಿದ್ದ ಶಾಲೆಗಳಲ್ಲಿ. ಗೋಡೆಗೆ ಪೋಸ್ಟರ್ ಅಂಟಿಸುವವರು ಈ ಭಾಗ ಓದಿರುವುದಿಲ್ಲ.

ಈಗ ಲ್ಯಾಬಿಗೆ ಬನ್ನಿ. ಫ್ಯಾರನ್‌ಹೀಟನ್ನು ಸೆಲ್ಸಿಯಸ್‌ಗೆ ಬದಲಿಸುವ ಪ್ರೋಗ್ರಾಮ್. ಹುಡುಗಿ ಸೂತ್ರವನ್ನು ಪುಸ್ತಕದಲ್ಲಿ ಇದ್ದ ಹಾಗೆ 5/9 ಅಂತಲೇ ಬರೆದು, ಅದಕ್ಕೆ ಉಳಿದದ್ದನ್ನು ಗುಣಿಸಿದ್ದಾಳೆ. 98.6 ಕೊಟ್ಟರೆ 37 ಬರಬೇಕು, ಸೊನ್ನೆ ಬರುತ್ತಿದೆ. ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್ ತುಟಿಪಿಟಕ್ ಅಂದಿಲ್ಲ. ನೀವು ಬಂದು ಕೀಬೋರ್ಡ್ ಎಳೆದುಕೊಂಡು 5.0 ಮಾಡಿ ಹೋಗುತ್ತೀರಿ. ಅವಳು ಕಲಿತದ್ದು ಒಂದೇ, ಮೇಡಂಗೆ ಬರುತ್ತದೆ, ನನಗೆ ಬರಲ್ಲ.

ಕೀಬೋರ್ಡ್ ಮುಟ್ಟಬೇಡಿ. ಕೈ ಹಿಂದೆ ಕಟ್ಟಿಕೊಂಡು ನಿಂತು ಕೇಳಿ. ಎಷ್ಟು ಬರಬೇಕಿತ್ತಮ್ಮ? ಎಷ್ಟು ಬಂತು? 212 ಕೊಟ್ಟು ನೋಡು. ಅದಕ್ಕೂ ಸೊನ್ನೆನಾ? ಹಾಗಾದರೆ ಎಲ್ಲೋ ಸೊನ್ನೆಯಿಂದ ಗುಣಿಸುತ್ತಿದ್ದೀಯ, ಬರೀ 5/9 ಪ್ರಿಂಟ್ ಮಾಡು. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಸಿ ದಶಮಾಂಶ ಬಿಸಾಕುತ್ತದೆ ಅಂತ ಅವಳೇ ಹಿಡಿಯುತ್ತಾಳೆ. ಹತ್ತು ನಿಮಿಷ ಹೋಗಬಹುದು, ಹೋಗಲಿ. ಆಮೇಲೆ ಹೊಗಳುವುದಾದರೆ ‘ಜಾಣೆ’ ಅನ್ನಬೇಡಿ, ‘212 ಕೊಟ್ಟು ನೋಡಿದ್ದು ಒಳ್ಳೇದಾಯ್ತು’ ಅನ್ನಿ. ಒಂದು ಗಂಟೆಯಿಂದ ಅದೇ ಸಾಲನ್ನು ಅಳಿಸಿ ಅದನ್ನೇ ಬರೆಯುತ್ತಿರುವವನಿಗೆ ಮಾತ್ರ ಸುಮ್ನೆ ‘ಇನ್ನೂ ಪ್ರಯತ್ನಪಡು’ ಅನ್ನಬೇಡಿ. ಅವನಿಗೆ ಬೇಕಾದ್ದು ಬೇರೆ ದಾರಿ. ದಾರಿ ತೋರಿಸದೆ ಬರೀ ಶ್ರಮವನ್ನು ಹೊಗಳಿದರೆ ಸಾಲದು ಅಂತ ಡ್ವೆಕ್ ಅವರೇ ಆಮೇಲೆ ಹೇಳಿದ್ದಾರೆ.

ಇಂಟರ್ನಲ್ಸ್ ಮಾರ್ಕ್ಸ್ ಸ್ವಲ್ಪವಾದರೂ ನಿಮ್ಮ ಕೈಯಲ್ಲಿರುತ್ತದೆ. ಅದರಲ್ಲಿ ಒಂದು ಪಾಲನ್ನು, ಯಾವ ಎರರ್ ಬಂತು, ಮೊದಲು ಏನಂದುಕೊಂಡೆ, ಹೇಗೆ ಸರಿಯಾಯಿತು ಅಂತ ಬರೆದದ್ದಕ್ಕೆ ಕೊಡಿ. ತಪ್ಪಿದ ಪ್ರೋಗ್ರಾಮನ್ನು ಮುಂದಿನ ವಾರ ತಿದ್ದಿ ತಂದರೆ ತಗೊಳ್ಳಿ. ಎಚ್‌ಒಡಿ ಗೊಣಗಬಹುದು, ಮೊದಲೇ ಒಂದು ಮಾತು ಕೇಳಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಕನ್ನಡ ಮೀಡಿಯಂನಿಂದ ಬಂದ ಹುಡುಗ ಎಷ್ಟೋ ಸಲ ಸೋಲುವುದು ಎರರ್ ಮೆಸೇಜಿನ ಇಂಗ್ಲಿಷಿಗೆ. ‘ಬಿಫೋರ್ ರಿಟರ್ನ್’, ಅಂದರೆ ರಿಟರ್ನ್ ಅನ್ನುವ ಪದಕ್ಕೆ ಮೊದಲು ಸೆಮಿಕೋಲನ್ ಬೇಕಿತ್ತು, ಅಂತ ಇದ್ದರೆ ಅವನು ರಿಟರ್ನ್ ಇರುವ ಸಾಲನ್ನೇ ದಿಟ್ಟಿಸುತ್ತಾನೆ, ಸೆಮಿಕೋಲನ್ ಬಿಟ್ಟಿರುವುದು ಅದರ ಹಿಂದಿನ ಸಾಲಲ್ಲಿ. ಒಂದು ಪೀರಿಯಡ್ ಪೂರ್ತಿ ಎರರ್ ಓದುವುದನ್ನೇ ಕಲಿಸಿ, ಕನ್ನಡದಲ್ಲೇ ಕಲಿಸಿ.

ಪ್ರಶ್ನೆ: ಕೋಡಿಂಗ್ ಹುಟ್ಟಿನಿಂದಲೇ ಬರಬೇಕು ಅಂತ ಸಂಶೋಧನೆಯೇ ಇದೆಯಂತೆ?

2006ರಲ್ಲಿ ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯದ ಇಬ್ಬರು ಬರೆದ ಕರಡು ಪ್ರಬಂಧದಿಂದ ಈ ಮಾತು ಜೋರಾಗಿ ಹಬ್ಬಿತು. ಅವರಲ್ಲಿ ಒಬ್ಬರಾದ ರಿಚರ್ಡ್ ಬೊರ್ನಾಟ್ 2014ರಲ್ಲಿ ಅದನ್ನು ತಾವೇ ವಾಪಸ್ ತಗೊಂಡರು. ಆ ಸುದ್ದಿಯನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ.

ಪ್ರಶ್ನೆ: ಬೆರಳಚ್ಚು ಪರೀಕ್ಷೆ ಮಾಡಿಸಿದೆವು. ಮಗನಿಗೆ ಲಾಜಿಕ್ ಕಮ್ಮಿ, ಕಂಪ್ಯೂಟರ್ ಸೈನ್ಸ್ ಬೇಡ ಅಂದರು. ಬ್ರಾಂಚ್ ಬದಲಿಸೋಣವಾ?

ದುಡ್ಡು ವಾಪಸ್ ಕೇಳಿ. ಬೆರಳಚ್ಚಿನಿಂದ ಫೋನ್ ಅನ್‌ಲಾಕ್ ಆಗುತ್ತದೆ, ಬುದ್ಧಿ ಅಳೆಯಲು ಆಗಲ್ಲ. ಆ ರಿಪೋರ್ಟನ್ನು ಹುಡುಗನ ಕೈಗೆ ಕೊಡಬೇಡಿ, ಕೊಟ್ಟಿದ್ದರೆ ಅದು ಮೋಸ ಅಂತ ಇವತ್ತೇ ಹೇಳಿ.

ಪ್ರಶ್ನೆ: ಮೊದಲು ಪೈಥಾನಾ, ಸಿ ನಾ?

ಸಿಲಬಸ್ಸಿನಲ್ಲಿ ಯಾವುದಿದೆಯೋ ಅದು. ಮುಂದಿನ ತಿಂಗಳು ಇದನ್ನೇ ಮತ್ತೆ ಕೇಳಬೇಡಿ.