ಕೆರೆಯ ಏರಿಯ ಮೇಲೆ ನಿಂತು ನೋಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳ ಮನೆಗೆಂದು ಆಸ್ಟ್ರೇಲಿಯಾಕ್ಕೆ ಹೋಗಿದ್ದಾಗ ಮೆಲ್ಬರ್ನ್ ನಗರದ ಹೊರವಲಯದಲ್ಲಿ, ಕೊಲ್ಲಿಯ ದಂಡೆಗೆ ಹೊಂದಿಕೊಂಡಿರುವ ಬೇಸೈಡ್ ಎಂಬ ಪ್ರದೇಶವನ್ನು ನೋಡಿದೆ. ಬ್ರೈಟನ್ ಕಡಲತೀರದಲ್ಲಿ ಸಾಲಾಗಿ ನಿಂತ ಬಣ್ಣಬಣ್ಣದ ಮರದ ಗೂಡುಗಳು, 1926ರಲ್ಲಿ ಅಲೆ ತಡೆಯಲೆಂದು ಬ್ಲ್ಯಾಕ್ ರಾಕ್ ಬಳಿ ಮುಳುಗಿಸಿದ ಸರ್ಬೆರಸ್ ಎಂಬ ಹಳೆಯ ಯುದ್ಧನೌಕೆ, ಹಿಂದೆ ಚಿತ್ರಕಾರರು ಕುಳಿತು ಚಿತ್ರ ಬರೆದ ಜಾಗಗಳಲ್ಲಿಯೇ ಆ ಚಿತ್ರಗಳ ಪ್ರತಿಗಳನ್ನು ನಿಲ್ಲಿಸಿರುವ ಕಾಲುದಾರಿ, ಇವೆಲ್ಲವೂ ಮನಸ್ಸಿಗೆ ಹಿಡಿಸಿದವು. ನಮ್ಮ ಜಿಲ್ಲೆಗೆ ಕಡಲಿಲ್ಲ. ಹಾಗಿದ್ದರೂ ನೀರಿನ ದಂಡೆಯಲ್ಲಿ ನಿಂತು ಇತಿಹಾಸ ನೋಡುವಂಥ ಜಾಗಗಳು ನಮ್ಮಲ್ಲಿ ಇವೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಇವೆ, ಮತ್ತು ತಾವು ನೋಡಿರುವ ಊರುಗಳಲ್ಲಿಯೇ ಇವೆ. ನಾವು ದೇವಾಲಯವನ್ನು ನೋಡಿ, ಅದರ ಪಕ್ಕದ ಕೆರೆಯತ್ತ ಕಣ್ಣು ಹಾಯಿಸದೆ ಬಸ್ಸು ಹತ್ತುತ್ತೇವೆ. ಹೊಯ್ಸಳರ ಕಾಲದಲ್ಲಿ ಗುಡಿ ಕಟ್ಟಿಸುವುದು, ಕೆರೆ ಕಟ್ಟಿಸುವುದು ಎಂಬ ಎರಡು ಕೆಲಸಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಗುಡಿಯ ನೈವೇದ್ಯಕ್ಕೆ, ನಂದಾದೀಪಕ್ಕೆ, ಅರ್ಚಕರ ಜೀವನಕ್ಕೆ ಕೆರೆಯ ಕೆಳಗಿನ ಗದ್ದೆಯನ್ನು ಬಿಟ್ಟುಕೊಟ್ಟದ್ದನ್ನು ಈ ಜಿಲ್ಲೆಯ ಶಾಸನಗಳು ಮತ್ತೆಮತ್ತೆ ಹೇಳುತ್ತವೆ. ಕೆರೆ ಒಡೆದರೆ ಗದ್ದೆ ಒಣಗುತ್ತಿತ್ತು, ಗದ್ದೆ ಒಣಗಿದರೆ ಗುಡಿಯ ದೀಪಕ್ಕೆ ಎಣ್ಣೆ ಇರುತ್ತಿರಲಿಲ್ಲ. ಆದ್ದರಿಂದ ಕೆರೆಯನ್ನು ಬಿಟ್ಟು ಗುಡಿಯನ್ನಷ್ಟೇ ನೋಡಿದವರು ಆ ಜಾಗದ ಅರ್ಧವನ್ನು ಮಾತ್ರ ನೋಡಿದಂತೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಹಳೇಬೀಡಿನಿಂದಲೇ ಆರಂಭಿಸಬಹುದು. ಹೊಯ್ಸಳರ ರಾಜಧಾನಿಗೆ ದೋರಸಮುದ್ರ ಎಂಬ ಹೆಸರು ಬಂದದ್ದೇ ಅಲ್ಲಿನ ದೊಡ್ಡ ಕೆರೆಯಿಂದ. ವಿಷ್ಣುವರ್ಧನನ ಅಧಿಕಾರಿಯಾಗಿದ್ದ ಕೇತಮಲ್ಲನು 1121ರ ಸುಮಾರಿಗೆ ಕಟ್ಟಿಸಲು ತೊಡಗಿದ ಹೊಯ್ಸಳೇಶ್ವರ ದೇವಾಲಯವು ಪೂರ್ವಕ್ಕೆ ಮುಖ ಮಾಡಿದೆ. ಕೆರೆಯೂ ಪೂರ್ವದಲ್ಲಿಯೇ ಇದೆ. ಈಗ ಪ್ರವಾಸಿಗರು ಉತ್ತರದ ಬಾಗಿಲಿನಿಂದ ಒಳಹೋಗುವುದರಿಂದ ಈ ಸಂಬಂಧ ಕಣ್ಣಿಗೆ ಬೀಳುವುದಿಲ್ಲ. ಒಳಗೆ ಹೋದ ಮೇಲೆ ಪೂರ್ವದ ಕಡೆಗೆ ಬಂದು, ಎರಡು ನಂದಿ ಮಂಟಪಗಳನ್ನು ದಾಟಿ ಹಿಂದಿರುಗಿ ನೋಡಿದರೆ ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಜೋಡಿ ಗುಡಿಗಳು ಹೇಗೆ ಅಕ್ಕಪಕ್ಕ ನಿಂತಿವೆ ಎಂಬುದು ತಿಳಿಯುತ್ತದೆ. ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣಕಥೆ, ಮಕರ, ಹಂಸಗಳ ಸಾಲುಗಳಿವೆ. ಆನೆಗಳ ಸಾಲನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಬಗ್ಗಿ ನೋಡುತ್ತ ಹೋಗಿ: ಒಂದರ ಸೊಂಡಿಲು ಇನ್ನೊಂದರಂತೆ ಇರುವುದಿಲ್ಲ. ದೇವಾಲಯದ ದಕ್ಷಿಣಕ್ಕಿರುವ ಗರುಡಗಂಬವನ್ನು ತಪ್ಪಿಸಬೇಡಿ. ಇಮ್ಮಡಿ ಬಲ್ಲಾಳನ ಅಂಗರಕ್ಷಕನಾಗಿದ್ದ ಕುವರ ಲಕ್ಷ್ಮನು ಒಡೆಯನ ಮರಣದ ನಂತರ ಪ್ರಾಣ ಬಿಟ್ಟುದನ್ನು ಈ ಕಂಬ ದಾಖಲಿಸುತ್ತದೆ, ಮತ್ತು ವೀರರು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಚಿತ್ರಗಳು ಅದರ ಮೇಲಿವೆ. 1311ರಲ್ಲಿ ಮಲಿಕ್ ಕಾಫರನ ದಂಡು ಬಂದ ಊರು ಇದೇ. ರಾಜಧಾನಿ ಹೋದರೂ ಕೆರೆ ಉಳಿಯಿತು, ರೈತರು ಉಳಿದರು.

ಎರಡನೆಯದಾಗಿ, ಬೇಲೂರು ರಸ್ತೆಯಿಂದ ಒಳಕ್ಕೆ ತಿರುಗಿ ಹೋಗಬೇಕಾದ ದೊಡ್ಡಗದ್ದವಳ್ಳಿ. ಇಲ್ಲಿನ ಲಕ್ಷ್ಮೀದೇವಿ ದೇವಾಲಯವನ್ನು ವಿಷ್ಣುವರ್ಧನನ ಕಾಲದಲ್ಲಿ, 1114ರ ಸುಮಾರಿಗೆ, ಕುಲ್ಲಹಣ ರಾಹುತ ಎಂಬ ವರ್ತಕನು ಪತ್ನಿ ಸಹಜಾದೇವಿಯೊಂದಿಗೆ ಕಟ್ಟಿಸಿದನು. ಬೇಲೂರಿನ ಚೆನ್ನಕೇಶವ ದೇವಾಲಯಕ್ಕಿಂತ ಇದು ಕೆಲವು ವರ್ಷ ಹಿರಿಯದು. ರಾಜನ ಖಜಾನೆಯಿಂದಲ್ಲದೆ ವ್ಯಾಪಾರದ ಹಣದಿಂದ ಎದ್ದ ಗುಡಿ ಎಂಬ ಕಾರಣಕ್ಕೂ ಇದು ನಮಗೆ ಹತ್ತಿರದ್ದು. ನಾಲ್ಕು ಗರ್ಭಗುಡಿಗಳು ಒಂದೇ ನಡುಭಾಗಕ್ಕೆ ತೆರೆದುಕೊಳ್ಳುವ ಚತುಷ್ಕೂಟ ಹೊಯ್ಸಳ ಶೈಲಿಯಲ್ಲಿ ಅಪರೂಪ. ಕಾಳಿಯ ಗುಡಿಯ ಬಾಗಿಲಿನ ಎರಡು ಬದಿಯಲ್ಲಿ ಎಲುಬಿನ ಗೂಡಿನಂತಹ ಬೇತಾಳಗಳು ನಿಂತಿವೆ. ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದು. ಪ್ರಾಕಾರದ ನಾಲ್ಕು ಮೂಲೆಗಳಲ್ಲಿ ನಾಲ್ಕು ಪುಟ್ಟ ಗುಡಿಗಳಿವೆ. ಪಕ್ಕದಲ್ಲಿಯೇ ಕೆರೆ. ಬೇಲೂರಿನ ಸೂಕ್ಷ್ಮ ಕೆತ್ತನೆಯನ್ನು ಇಲ್ಲಿ ಹುಡುಕಬಾರದು. ಮೆಟ್ಟಿಲುಮೆಟ್ಟಿಲಾಗಿ ಮೇಲೇರುವ ಸರಳ ಶಿಖರಗಳನ್ನು ಸ್ವಲ್ಪ ದೂರ ಸರಿದು ನೋಡಬೇಕು. 2020ರ ನವೆಂಬರಿನಲ್ಲಿ ಇಲ್ಲಿನ ಕಾಳಿಯ ವಿಗ್ರಹ ಒಡೆದ ಸ್ಥಿತಿಯಲ್ಲಿ ಕಂಡುಬಂದಾಗ ನಮ್ಮಂಥ ಅನೇಕರಿಗೆ ಮನೆಯವರನ್ನೇ ಕಳೆದುಕೊಂಡಷ್ಟು ಸಂಕಟವಾಯಿತು. ಜನ ಬಂದುಹೋಗುತ್ತಿರುವ ಗುಡಿಗೆ ಊರಿನ ಕಾವಲು ತಾನಾಗಿ ಸಿಗುತ್ತದೆ. ಬೇಲೂರಿಗೆ ಹೋಗುವವರು ಇಲ್ಲಿ ಒಂದು ಗಂಟೆ ನಿಲ್ಲಬೇಕೆಂದು ನಾವು ಒತ್ತಾಯಿಸುವುದು ಅದಕ್ಕೇ.

ತಾವು ಕಂಡ ಕಾಲುದಾರಿಯಂಥದ್ದು ಇಲ್ಲಿಯೂ ಆಗಬಾರದೆ? ಏರಿಯ ಮೇಲೆ ನಡೆದು ಬರುವವರಿಗೆ ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ಯಾವ ಗದ್ದೆ ಯಾವ ಗುಡಿಗೆ ಸೇರಿತ್ತು ಎಂದು ಕನ್ನಡದಲ್ಲಿ ಹೇಳುವ ನಾಲ್ಕು ಫಲಕಗಳಿದ್ದರೆ ಸಾಕು. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹೊರಗಿನವರ ಗಮನ ಈ ಕಡೆ ತಿರುಗಿದೆ. ಕೆರೆಗಳನ್ನೂ ಆ ಗಮನದೊಳಕ್ಕೆ ತರಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು.

ಪ್ರಶ್ನೆ: ಶೆಟ್ಟಿಹಳ್ಳಿಯ ಪಾಳು ಚರ್ಚು ನೀರಿನಲ್ಲಿ ಮುಳುಗಿರುವ ಚಿತ್ರಗಳನ್ನು ಮೊಬೈಲಿನಲ್ಲಿ ನೋಡುತ್ತಿರುತ್ತೇನೆ. ಅದು ಮುಳುಗಿದ್ದು ಹೇಗೆ? ನೋಡಲು ಯಾವ ತಿಂಗಳಿನಲ್ಲಿ ಹೋಗಬೇಕು?
– ಕಾಲೇಜು ವಿದ್ಯಾರ್ಥಿನಿ, ಆಲೂರು

ಉತ್ತರ: ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಹೇಮಾವತಿ ದಂಡೆಯ ಈ ಹಳ್ಳಿಯಲ್ಲಿ ಜಪಮಾಲೆ ಮಾತೆಯ ಚರ್ಚನ್ನು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದರು. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರು ಹಳ್ಳಿಗಳ ನೆಲಕ್ಕೆ ನುಗ್ಗಿ, ಜನ ಬೇರೆಡೆಗೆ ಹೋಗಬೇಕಾಯಿತು. ಚರ್ಚು ಅಲ್ಲಿಯೇ ಉಳಿಯಿತು. ಮುಂಗಾರು ಚೆನ್ನಾಗಿ ಹಿಡಿದು ಜಲಾಶಯ ತುಂಬಿದ ವರ್ಷಗಳಲ್ಲಿ ಕಟ್ಟಡದ ಕೆಳಭಾಗ ನೀರಿನಲ್ಲಿ ಹೋಗಿ, ಕಮಾನುಗಳು ಮತ್ತು ಗೋಡೆಯ ಮೇಲ್ಭಾಗ ಮಾತ್ರ ಕಾಣುತ್ತವೆ. ಬೇಸಗೆಯಲ್ಲಿ ನೀರು ಇಳಿದಾಗ ಒಣನೆಲದ ಮೇಲೆ ನಡೆದೇ ಅಲ್ಲಿಗೆ ಹೋಗಬಹುದು. ಚಿತ್ರಕ್ಕೆ ಮಳೆಗಾಲ ಚೆಂದ. ಕಟ್ಟಡವನ್ನು ಅರಿಯಲು ಬೇಸಗೆಯೇ ಸರಿ, ಆಗ ಸುಣ್ಣದ ಗಾರೆ ಕಳಚಿದ ಕಡೆಗಳಲ್ಲಿ ಒಳಗಿನ ಇಟ್ಟಿಗೆಗಳ ಜೋಡಣೆಯನ್ನು ಹತ್ತಿರದಿಂದ ನೋಡಬಹುದು.

ಒಂದು ಮಾತನ್ನು ತಾವು ಗೆಳತಿಯರಿಗೂ ತಿಳಿಸಬೇಕು. ಇಟ್ಟಿಗೆ ತಿಂಗಳುಗಟ್ಟಲೆ ನೀರು ಕುಡಿಯುತ್ತದೆ, ನಂತರ ಬಿಸಿಲಿಗೆ ಒಣಗುತ್ತದೆ. ಪ್ರತಿ ಸಲವೂ ಒಳಗಿನ ಲವಣ ಹೊರಬಂದು ಮೇಲ್ಮೈಯನ್ನು ಪುಡಿ ಮಾಡುತ್ತದೆ, ಗಾರೆ ಕರಗಿ ಇಟ್ಟಿಗೆಗಳ ಹಿಡಿತ ಸಡಿಲವಾಗುತ್ತದೆ. ಛಾವಣಿ ಈಗಾಗಲೇ ಹೋಗಿದೆ. ಕಮಾನುಗಳ ಕೆಳಗೆ ನಿಲ್ಲುವುದು, ಗೋಡೆ ಹತ್ತಿ ಫೋಟೋ ತೆಗೆಸಿಕೊಳ್ಳುವುದು ಜೀವಕ್ಕೆ ಅಪಾಯ, ಕಟ್ಟಡಕ್ಕೂ ಅಪಾಯ. ಒಂದು ಊರಿನ ಜನ ತಲೆಮಾರುಗಳ ಕಾಲ ಪ್ರಾರ್ಥನೆ ಮಾಡಿದ ಜಾಗ ಅದು. ಅಲ್ಲಿ ಹೆಸರು ಕೆತ್ತುವುದು, ಬಾಟಲಿ ಬಿಸಾಡುವುದು ಯಾರಿಗೂ ಶೋಭಿಸುವುದಿಲ್ಲ.

ಪ್ರಶ್ನೆ: ಹೈಸ್ಕೂಲು ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಕರೆದೊಯ್ಯಬೇಕಾಗಿದೆ. ಬೇಲೂರನ್ನು ಎಲ್ಲರೂ ನೋಡಿದ್ದಾರೆ. ಗದ್ದಲವಿಲ್ಲದ, ಹತ್ತಿರದ ಸ್ಥಳಗಳನ್ನು ಸೂಚಿಸುವಿರಾ?
– ಸಮಾಜವಿಜ್ಞಾನ ಶಿಕ್ಷಕರು, ಚನ್ನರಾಯಪಟ್ಟಣ

ಉತ್ತರ: ಹಾಸನದ ಸಮೀಪದ ಕೊರವಂಗಲದಿಂದ ಹೊರಡಿ. ಅಲ್ಲಿನ ಬೂಚೇಶ್ವರ ದೇವಾಲಯವನ್ನು ಬೂಚಿರಾಜ ಎಂಬ ಅಧಿಕಾರಿಯು 1173ರಲ್ಲಿ, ಇಮ್ಮಡಿ ಬಲ್ಲಾಳನ ಪಟ್ಟಾಭಿಷೇಕದ ಸಂಭ್ರಮಕ್ಕಾಗಿ ಕಟ್ಟಿಸಿದನು. ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ ಇದೆ, ನಡುವೆ ಮಂಟಪ. ನಂತರ ಮೊಸಳೆ ಗ್ರಾಮಕ್ಕೆ ಹೋಗಿ: ನಾಗೇಶ್ವರ ಮತ್ತು ಚೆನ್ನಕೇಶವ ಎಂಬ ಎರಡು ಗುಡಿಗಳು ಕೆಲವೇ ಅಡಿಗಳ ಅಂತರದಲ್ಲಿ ಅವಳಿಗಳಂತೆ ನಿಂತಿವೆ. ಒಂದರಲ್ಲಿ ಶಿವ, ಇನ್ನೊಂದರಲ್ಲಿ ವಿಷ್ಣು. ಎರಡರ ಗೋಡೆಗಳಲ್ಲಿ ಏನು ಒಂದೇ, ಏನು ಬೇರೆ ಎಂದು ಮಕ್ಕಳೇ ಪಟ್ಟಿ ಮಾಡಲಿ.

ಸಮಯವಿದ್ದರೆ ಹಳೇಬೀಡಿನ ಸಮೀಪದ ಹುಲಿಕೆರೆಯ ಕಲ್ಯಾಣಿಯನ್ನು ಸೇರಿಸಿಕೊಳ್ಳಿ. ನೀರಿನತ್ತ ಇಳಿಯುವ ಮೆಟ್ಟಿಲುಗಳ ಸುತ್ತ ಪುಟ್ಟಪುಟ್ಟ ಗುಡಿಗಳಿವೆ. ಅವು 27 ನಕ್ಷತ್ರಗಳಿಗೆ ಸಂಬಂಧಿಸಿದವು ಎಂಬ ನಂಬಿಕೆ ಇದೆ. ದಾರಿಯಲ್ಲಿ ಯಾವುದಾದರೂ ಒಂದು ಕೆರೆಯ ಏರಿ ಹತ್ತಿಸಿ, ನೀರು ತೂಬಿನಿಂದ ಗದ್ದೆಗೆ ಹೇಗೆ ಇಳಿಯುತ್ತದೆ, ಹೆಚ್ಚಾದ ನೀರು ಕೋಡಿ ಬಿದ್ದು ಮುಂದಿನ ಕೆರೆಗೆ ಹೇಗೆ ಹೋಗುತ್ತದೆ ಎಂಬುದನ್ನು ತೋರಿಸಿ. ಊರಿನ ನೀರುಗಂಟಿ ಅಥವಾ ಹಿರಿಯ ರೈತರೊಬ್ಬರಿಂದ ಅದನ್ನು ಹೇಳಿಸಿದರೆ ಪಾಠಕ್ಕಿಂತ ಚೆನ್ನಾಗಿ ಮನಸ್ಸಿನಲ್ಲಿ ಉಳಿಯುತ್ತದೆ. ತಮ್ಮ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿಯೂ ಎರಡು ಬೆಟ್ಟಗಳ ನಡುವಿನ ಕಲ್ಯಾಣಿಯನ್ನು ಬಿಟ್ಟು ನೇರವಾಗಿ ಗೊಮ್ಮಟನತ್ತ ಮೆಟ್ಟಿಲು ಹತ್ತುವ ಮಕ್ಕಳೇ ಹೆಚ್ಚು.

ಪ್ರಶ್ನೆ: ಸಕಲೇಶಪುರದ ಮಂಜರಾಬಾದ್ ಕೋಟೆಯೂ ಹೊಯ್ಸಳರದೇ? ಅಲ್ಲಿ ನೀರಿನ ವ್ಯವಸ್ಥೆ ಇತ್ತೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಅಲ್ಲ. ಮಂಗಳೂರಿನ ದಾರಿಯ ಮೇಲೆ ಕಣ್ಣಿಡಲು ಟಿಪ್ಪು ಸುಲ್ತಾನನು 1792ರ ಸುಮಾರಿಗೆ ಕಟ್ಟಿಸಿದ, ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆ ಅದು. ಫ್ರೆಂಚರ ಕೋಟೆ ಕಟ್ಟುವ ಕ್ರಮದ ಪ್ರಭಾವ ಅದರ ಮೇಲಿದೆ. ನಡುವಂಗಳದಲ್ಲಿ ನಾಲ್ಕು ಕಡೆಯಿಂದ ಮೆಟ್ಟಿಲು ಇಳಿಯುವ ಕೊಳವಿದ್ದು, ಬೆಟ್ಟದ ತುದಿಯ ಸೈನ್ಯಕ್ಕೆ ನೀರು ಅಲ್ಲಿಯದೇ. ಮಳೆಗಾಲದಲ್ಲಿ ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ, ಎಚ್ಚರವಿರಲಿ. ಕೆರೆಯನ್ನೇ ನೋಡಬೇಕೆಂದಿದ್ದರೆ ತಮ್ಮ ಜಿಲ್ಲೆಯಲ್ಲಿಯೇ, ಸಖರಾಯಪಟ್ಟಣದ ಬಳಿ ಶಕುನಗಿರಿಯ ಬುಡದಲ್ಲಿ ಅಯ್ಯನಕೆರೆ ಇದೆ. ಅಲ್ಲಿಂದ ಹೊರಡುವ ವೇದಾ ಹೊಳೆಯೇ ಮುಂದೆ ಕಡೂರಿನ ಬಳಿ ಅವತಿಯನ್ನು ಕೂಡಿ ವೇದಾವತಿಯಾಗುತ್ತದೆ.