ಗದ್ದೆಗೆ ಇಳಿದ ಡೀಸೆಲ್

ಸಕಲೇಶಪುರದ ಕಡೆಯ ಓದುಗರೊಬ್ಬರ ಪತ್ರ: "ಹೋದ ಸಂಚಿಕೆಯಲ್ಲಿ ನೈಜೀರಿಯಾದ ಎಣ್ಣೆ ಸೋರಿಕೆಗೆ ನಾಲ್ಕು ಪುಟ ಕೊಟ್ಟಿದ್ದೀರಿ. ನಮ್ಮಲ್ಲಿ ಎಣ್ಣೆ ಬಾವಿಯೇ ಇಲ್ಲ. ಅದರ ಬದಲು ಮೆಣಸಿನ ಸೊರಗು ರೋಗದ ಬಗ್ಗೆ ಬರೆಯಬಹುದಿತ್ತು. ಇನ್ನೊಂದು ವಿಷಯ. ಹೋದ ಮಳೆಗಾಲ ಟ್ಯಾಂಕರ್ ಮಗುಚಿ ನಮ್ಮ ಗದ್ದೆಗೆ ಡೀಸೆಲ್ ಹರಿದು ಬಂತು. ಮಳೆಗೆ ತೊಳೆದುಹೋಯಿತು. ಆದರೂ ಈ ಸಲ ಆ ಭಾಗದ ಪೈರು ಹಳದಿಯಾಗಿದೆ. ಯಾಕೆ?"

ನಮಸ್ಕಾರ. ಮೆಣಸಿನ ಬಗ್ಗೆ ಖಂಡಿತ ಬರೆಯುತ್ತೇವೆ. ಮೊದಲು ನಿಮ್ಮ ಗದ್ದೆಯ ವಿಷಯ.

ತೊಳೆದುಹೋದದ್ದು ಕಣ್ಣಿಗೆ ಕಾಣುವಷ್ಟು ಮಾತ್ರ. ಉಳಿದದ್ದು ಮಣ್ಣಿಗೆ ಇಳಿದಿರುತ್ತದೆ. ಎಣ್ಣೆ ಮಣ್ಣಿನ ಕಣಕ್ಕೆ ಅಂಟಿ, ಗಾಳಿಯಾಡುವ ಸಂದುಗಳನ್ನು ಮುಚ್ಚುತ್ತದೆ. ಬೇರಿಗೆ ಉಸಿರು ಕಟ್ಟುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಈ ಎಣ್ಣೆಯನ್ನು ತಿನ್ನುತ್ತವೆ, ಅದು ಒಳ್ಳೆಯದೇ. ಆದರೆ ಅವಕ್ಕೂ ಸಾರಜನಕ ಬೇಕು. ಪೈರಿಗೆ ಸಿಗಬೇಕಾದದ್ದನ್ನು ಅವು ಎಳೆದುಕೊಳ್ಳುತ್ತವೆ. ಹಳದಿ ಬಣ್ಣಕ್ಕೆ ಇದು ಕಾರಣ ಇರಬಹುದು. ಕೊಯ್ಲಾದ ಮೇಲೆ ನೀರು ಬಸಿದು, ಉತ್ತು, ಗಾಳಿಯಾಡಲು ಬಿಡಿ. ಕೊಟ್ಟಿಗೆ ಗೊಬ್ಬರ ಕೊಡಿ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದವರಿಗೆ ಮಣ್ಣು ತೋರಿಸುವಾಗ ಡೀಸೆಲ್ ಬಿದ್ದ ಜಾಗ ಅಂತ ಮರೆಯದೆ ಹೇಳಿ.

ನೈಜೀರಿಯಾದಲ್ಲಿ ಆದದ್ದೂ ಇದೇ. ಅಲ್ಲಿ ಒಗೋನಿ ಸೀಮೆಯಲ್ಲಿ ಬೊಡೊ ಅಂತ ಒಂದು ಊರು. ಮೀನು ಹಿಡಿದು ಬದುಕುವ ಜನ. 2008ರಲ್ಲಿ, ಬೇರೆ ಕಡೆಯ ಎಣ್ಣೆ ಹೊತ್ತು ಆ ಸೀಮೆ ಹಾದುಹೋಗುವ ಶೆಲ್ ಕಂಪನಿಯ ಪೈಪ್‌ಲೈನ್ ಎರಡು ಸಲ ಸೋರಿ, ಕಚ್ಚಾ ಎಣ್ಣೆ ಹಿನ್ನೀರಿಗೆ ನುಗ್ಗಿತು. ಹಿನ್ನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಸತ್ತವು. ಮೀನಿನ ಮರಿ ಬೆಳೆಯುವುದು ಆ ಗಿಡಗಳ ಬೇರಿನ ನಡುವೆಯೇ. 2015ರಲ್ಲಿ ಕಂಪನಿ 5.5 ಕೋಟಿ ಪೌಂಡ್ ಪರಿಹಾರಕ್ಕೆ ಒಪ್ಪಿತು. ದುಡ್ಡು ಬಂದ ಕೂಡಲೇ ಮೀನು ಬರುವುದಿಲ್ಲವಲ್ಲ. ಒಗೋನಿಯಲ್ಲಿ ಎಣ್ಣೆ ತೆಗೆಯುವುದು 1993ರಲ್ಲೇ ನಿಂತಿತ್ತು. ಆದರೂ 2011ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ನೋಡಿದಾಗ, ಎಷ್ಟೋ ಕಡೆ ಐದು ಮೀಟರ್ ಆಳದ ಮಣ್ಣಿನಲ್ಲೂ ಎಣ್ಣೆ ಇತ್ತು. ಪೂರ್ತಿ ಸರಿಯಾಗಲು 25ರಿಂದ 30 ವರ್ಷ ಬೇಕು ಎಂದರು.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಮೀನು ಹಿಡಿಯುತ್ತಿದ್ದವರೇ ಪೇಟೆಗೆ ಹೋಗಿ ಮೀನು ಕೊಳ್ಳುವಂತಾಯಿತು. ನಮ್ಮ ಗದ್ದೆ ಏಡಿ, ಮೊದಲ ಮಳೆಗೆ ಹಳ್ಳ ಹತ್ತಿ ಬರುವ ಮೀನು, ಬದುವಿನ ಮೇಲಿನ ಸೊಪ್ಪು, ಇವಕ್ಕೆ ಯಾರು ಲೆಕ್ಕ ಇಟ್ಟಿದ್ದಾರೆ? ಪರಿಹಾರದ ಅರ್ಜಿಯಲ್ಲಿ ಎಷ್ಟು ಕ್ವಿಂಟಾಲ್ ಭತ್ತ ಹೋಯಿತು ಅಂತ ಬರೆಯಬಹುದು. ಏಡಿ ಸಾರು ಹೋಯಿತು ಅಂತ ಬರೆಯೋಕಾಗುತ್ತಾ?

ನಮ್ಮಲ್ಲಿ ಬಾವಿ ಇಲ್ಲ, ನಿಜ. ಆದರೆ ಮಂಗಳೂರಿನಿಂದ ಹಾಸನ ಹಾದು ಬೆಂಗಳೂರಿಗೆ ಹೋಗುವ ಪೈಪ್‌ಲೈನ್ ನಮ್ಮ ನೆಲದಡಿಯೇ ಇದೆ. ಶಿರಾಡಿಯಲ್ಲಿ ಹಗಲು ರಾತ್ರಿ ಟ್ಯಾಂಕರ್ ಓಡುತ್ತವೆ. ಘಾಟಿಯ ಈಚೆ ಮಗುಚಿದರೆ ಹೇಮಾವತಿಗೆ, ಆಚೆ ಮಗುಚಿದರೆ ಕೆಂಪುಹೊಳೆಗೆ, ಅಲ್ಲಿಂದ ಕುಮಾರಧಾರಾಕ್ಕೆ.

ಇನ್ನೊಮ್ಮೆ ಹಾಗಾದರೆ ಮೊದಲು ಗದ್ದೆಗೆ ನೀರು ಬರುವ ಬಾಯಿ ಕಟ್ಟಿ. ಬೆಂಕಿ, ಬೀಡಿ ಹತ್ತಿರ ಬೇಡ. ಕಾಲುವೆಗೆ ಅಡ್ಡ ಹುಲ್ಲಿನ ಪಿಂಡಿ ಇಟ್ಟರೆ ತೇಲುವ ಎಣ್ಣೆ ಸ್ವಲ್ಪವಾದರೂ ಹೀರುತ್ತದೆ. ಸೋಪಿನ ಪುಡಿ ಮಾತ್ರ ಹಾಕಬೇಡಿ. ಎಣ್ಣೆ ಒಡೆದು ನೀರಿನೊಳಗೆ ಬೆರೆಯುತ್ತದೆ, ಮೀನಿಗೆ ಇನ್ನೂ ಕೆಟ್ಟದ್ದು. ಡೀಸೆಲ್ ವಾಸನೆ ಬರುವ ಮೀನು, ಏಡಿ ತಿನ್ನಲೇಬೇಡಿ.

ಈ ಮಳೆಗಾಲ ಆ ಗದ್ದೆಯಲ್ಲಿ ಏಡಿ ಕಂಡವಾ? ತಿಳಿಸಿ.

— ಸಂಪಾದಕ