ಕೆಟ್ಟ ಜಾಬ್‌ಗಳನ್ನು ಬಚ್ಚಿಟ್ಟ ಹಿರಿಯ ಮೇಸ್ತ್ರಿಯನ್ನು ಕೆಲಸದಿಂದ ತೆಗೆಯಬೇಕೇ?

ಪ್ರಶ್ನೆ: ನನಗೆ 34 ವರ್ಷ. ಪೀಣ್ಯದಲ್ಲಿ ಅಪ್ಪ ಕಟ್ಟಿದ ಸಣ್ಣ ಮಷೀನ್‌ಶಾಪ್ ಇದೆ, ಹದಿನೆಂಟು ಜನ ಕೆಲಸ ಮಾಡುತ್ತಾರೆ. ಅಪ್ಪನಿಗೆ ಪಾರ್ಶ್ವವಾಯು ಆದ ಮೇಲೆ ಸಾಫ್ಟ್‌ವೇರ್ ಕೆಲಸ ಬಿಟ್ಟು ಮೂರು ವರ್ಷದಿಂದ ನಾನೇ ನಡೆಸುತ್ತಿದ್ದೇನೆ. ಪಂಪ್ ತಯಾರಿಸುವ ಕಂಪನಿಯೊಂದಕ್ಕೆ ಉಕ್ಕಿನ ಬುಷ್ (ನಡುವೆ ತೂತಿರುವ, ಕೊಳವೆಯಂಥ ಬಿಡಿಭಾಗ) ಮಾಡಿಕೊಡುವುದು ನಮ್ಮ ಮುಖ್ಯ ಕೆಲಸ. ಖರ್ಚು ಮತ್ತು ರಿಜೆಕ್ಷನ್ ಎರಡೂ ಹೆಚ್ಚಾದಾಗ ಕಳೆದ ವರ್ಷ ಇನ್ಸರ್ಟ್ (ಲೋಹ ಕತ್ತರಿಸುವ, ಸವೆದಾಗ ಬದಲಿಸುವ ಅಲಗು) ಬೀರುವಿನ ಕೀಲಿ ನಾನೇ ಇಟ್ಟುಕೊಂಡೆ. ಪಾಳಿಗೆ ಒಂದೇ ಇನ್ಸರ್ಟ್ ಎಂದು ನಿಯಮ ಮಾಡಿದೆ. ಕೆಟ್ಟ ಪ್ರತಿ ಜಾಬ್‌ಗೂ, ಅಂದರೆ ಅಳತೆ ತಪ್ಪಿದ ಪ್ರತಿ ಬುಷ್‌ಗೂ, ಆಪರೇಟರ್ ಸಂಬಳದಲ್ಲಿ ಹಣ ಹಿಡಿದೆ, ಜಾಬ್ ಸಂಖ್ಯೆಯ ಮೇಲೆ ಎಲ್ಲರಿಗೂ ಇನ್ಸೆಂಟಿವ್ ಕೊಟ್ಟೆ. ಲೆಕ್ಕದಲ್ಲಿ ರಿಜೆಕ್ಷನ್ ಇಳಿಯಿತು. ಆದರೆ ಕಂಪನಿಯವರು ಎರಡು ಲಾಟ್ ವಾಪಸ್ ಕಳಿಸಿ, ಒಂದು ತಿಂಗಳಲ್ಲಿ ಕಾರಣ ತಿಳಿಸಬೇಕೆಂದು ಪತ್ರ ಬರೆದಿದ್ದಾರೆ. ಹೋದ ವಾರ ಕಂಪ್ರೆಸರ್ ಹಿಂದೆ ಒಂದು ಗೋಣಿಚೀಲ ತುಂಬ ಕೆಟ್ಟ ಬುಷ್‌ಗಳು ಸಿಕ್ಕವು. ಹುಡುಗರು ಬಾಯಿ ಬಿಡಲಿಲ್ಲ. ನಮ್ಮ ಮೇಸ್ತ್ರಿ, 26 ವರ್ಷದಿಂದ ಅಪ್ಪನ ಜೊತೆಗಿದ್ದವರು, ನಾನು ಚಿಕ್ಕಂದಿನಿಂದ ಮಾಮ ಎಂದು ಕರೆದವರು, "ನಾನೇ ಇಡಿಸಿದ್ದು ಪುಟ್ಟಿ" ಎಂದು ಎಲ್ಲರ ಎದುರು ಹೇಳಿದರು. ಅವರನ್ನು ಬಿಟ್ಟರೆ ಶಿಸ್ತು ಉಳಿಯುವುದಿಲ್ಲ, ತೆಗೆದರೆ ಅಪ್ಪ ತಡೆದುಕೊಳ್ಳುವುದಿಲ್ಲ. ಅಮ್ಮ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರು ವರ್ಷ ಒಬ್ಬರೇ ಹೊತ್ತ ಭಾರ ಅದರ ಪ್ರತಿ ಸಾಲಿನಲ್ಲೂ ಕಾಣುತ್ತದೆ. ಆದ್ದರಿಂದ ಸುತ್ತುಬಳಸದೆ ಹೇಳುತ್ತೇನೆ: ಈಗ ಅವರನ್ನು ಕೆಲಸದಿಂದ ತೆಗೆಯಬೇಡಿ. ಅವರು ಮಾಡಿದ್ದು ಸರಿಯೆಂದಾಗಲಿ, ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನಿರಬೇಕೆಂದಾಗಲಿ ನಾನು ಹೀಗೆ ಹೇಳುತ್ತಿಲ್ಲ. ಕೆಟ್ಟ ಜಾಬ್ ಆಗಿದೆ ಎಂದು ಬಾಯಿಬಿಟ್ಟು ಹೇಳಿದವನಿಗೆ ನಷ್ಟವಾಗುವ, ಬಚ್ಚಿಟ್ಟವನಿಗೆ ಪೂರ್ತಿ ಸಂಬಳ ಸಿಗುವ ಏರ್ಪಾಟು ನಿಮ್ಮ ಶಾಪಿನಲ್ಲಿ ಒಂದು ವರ್ಷದಿಂದ ನಡೆದುಬಂದಿದೆ. ಆ ಏರ್ಪಾಟು ಹಾಗೇ ಇರುವಾಗ ಒಬ್ಬರನ್ನು ಹೊರಗೆ ಹಾಕಿದರೆ, ಅವರ ಜಾಗಕ್ಕೆ ಬರುವವರೂ ಇನ್ನೊಂದು ಚೀಲ ಹುಡುಕುತ್ತಾರೆ, ಈ ಬಾರಿ ನಿಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ.

ಮೊದಲು ಆ ಚೀಲದ ವಿಷಯ. ದಯವಿಟ್ಟು ಅದನ್ನು ಗುಜರಿಗೆ ಹಾಕಿಸಬೇಡಿ. ವರ್ಷವಿಡೀ ನಿಮ್ಮ ರಿಜಿಸ್ಟರಿಗೆ ಸಿಗದ ಸತ್ಯ ಅದರೊಳಗಿದೆ. ಬೋರ್ (ಬುಷ್ಷಿನ ಒಳತೂತು) ಅಳೆಯುವ ಗೇಜ್ ಇಟ್ಟುಕೊಂಡು ಒಂದೊಂದೇ ಬುಷ್ ಅಳೆದು, ಅಳತೆಯನ್ನು ಪುಸ್ತಕದಲ್ಲಿ ಬರೆಯಿರಿ. ಡ್ರಾಯಿಂಗಿನಲ್ಲಿ 25 ಮಿ.ಮೀ. ಬೋರ್, ಎಚ್7 (ಅಳತೆ ಎಷ್ಟು ಹೆಚ್ಚಾದರೂ ನಡೆಯುತ್ತದೆಂಬ ಮಿತಿಯ ಗುರುತು) ಎಂದಿದ್ದರೆ 25.000ರಿಂದ 25.021 ಮಿ.ಮೀ.ವರೆಗೆ ಬಂದದ್ದು ಸರಿ. ಅಂದರೆ ಕೈಯಲ್ಲಿರುವ ಜಾಗ ಬರೀ 21 ಮೈಕ್ರಾನ್. ಚೀಲದಲ್ಲಿರುವವು ಹೆಚ್ಚಾಗಿ 25ಕ್ಕಿಂತ ಸಣ್ಣ ಬೋರ್‌ನವೋ, 25.021 ದಾಟಿದವೋ ಎಂಬುದು ಬೇರೆಲ್ಲ ಪ್ರಶ್ನೆಗಳಿಗಿಂತ ಮೊದಲು ನಿಮಗೆ ಗೊತ್ತಾಗಬೇಕು.

ಸಣ್ಣವೇ ಹೆಚ್ಚಿದ್ದರೆ ನನ್ನ ಮೊದಲ ಅನುಮಾನ ಸವೆದ ಇನ್ಸರ್ಟಿನ ಮೇಲೆ. ಬೋರಿಂಗ್ ಮಾಡುವಾಗ ಇನ್ಸರ್ಟಿನ ಮೂತಿ ಸವೆದಂತೆ ಅದು ಲೋಹವನ್ನು ಕಡಿಮೆ ಕಡಿಮೆ ತೆಗೆಯುತ್ತದೆ, ಬೋರ್ ಕಿರಿದಾಗುತ್ತಾ ಹೋಗುತ್ತದೆ. ಆಪರೇಟರ್ ಆಗಾಗ ಅಳೆದು ಆಫ್‌ಸೆಟ್ (ಇನ್ಸರ್ಟ್ ಎಲ್ಲಿಯವರೆಗೆ ಸರಿಯಬೇಕೆಂದು ಮಷೀನಿಗೆ ಕೊಡುವ ತಿದ್ದುಪಡಿ) ತಿದ್ದುತ್ತಿದ್ದರೆ ಸ್ವಲ್ಪ ಹೊತ್ತು ಸುಧಾರಿಸಬಹುದು, ಆದರೆ ಮೂತಿ ಪೂರ್ತಿ ಹೋದ ಮೇಲೆ ಆಫ್‌ಸೆಟ್ಟಿನಿಂದ ಏನೂ ಆಗುವುದಿಲ್ಲ. ಪಾಳಿಗೆ ಒಂದೇ ಇನ್ಸರ್ಟ್ ಎಂದು ನೀವು ಮಾಡಿದ ನಿಯಮದ ಕೆಳಗೆ, ಜಾಬ್ ಎಣಿಸಿ ಇನ್ಸೆಂಟಿವ್ ಪಡೆಯುವ ಹುಡುಗ ಪಾಳಿಯ ಕೊನೆಯ ಎರಡು ಗಂಟೆ ಏನು ಮಾಡುತ್ತಿದ್ದನೆಂದು ಊಹಿಸಿ. ಮಷೀನ್ ನಿಲ್ಲಿಸಿದರೆ ಇನ್ಸೆಂಟಿವ್ ಹೋಗುತ್ತದೆ, ಹೊಸ ಇನ್ಸರ್ಟ್ ಕೇಳಲು ಮೇಡಂ ಕ್ಯಾಬಿನ್‌ಗೆ ಬರಬೇಕು, ಕೆಟ್ಟ ಜಾಬ್ ತೋರಿಸಿದರೆ ಸಂಬಳ ಕತ್ತರಿ. ಬೋರ್ ಸಣ್ಣದಾದ ಬುಷ್ಷನ್ನು ಮತ್ತೆ ಕಟ್ಟಿ, ಸೆಂಟರ್ ತಪ್ಪದಂತೆ ನೋಡಿಕೊಂಡು, ಒಂದು ಸಣ್ಣ ಕಟ್ ಕೊಟ್ಟು ಸರಿಮಾಡಲು ಬರುತ್ತದೆ ಎಂಬುದು ಇಲ್ಲಿ ನನಗೆ ಅತ್ಯಂತ ನೋವಿನ ಸಂಗತಿ. ಬೋರ್ ದೊಡ್ಡದಾದದ್ದು ಗುಜರಿಯೇ ಸರಿ, ಆದರೆ ಸಣ್ಣದಾದವುಗಳಲ್ಲಿ ಎಷ್ಟೋ ಬುಷ್‌ಗಳು ಹೇಳಲು ಹೆದರಿದ್ದಕ್ಕಾಗಿ ಮಾತ್ರ ಗುಜರಿಯಾದವು.

ಇದು ಊಹೆಯೇ, ಆದರೆ ಪರೀಕ್ಷಿಸಲು ಕಷ್ಟವಿಲ್ಲ. ಒಂದು ಪಾಳಿಯಲ್ಲಿ ತಯಾರಾದ ಬುಷ್‌ಗಳಿಗೆ ಮಾರ್ಕರಿನಿಂದ ಕ್ರಮವಾಗಿ ನಂಬರ್ ಹಾಕಿಸಿ, ಹತ್ತಕ್ಕೊಂದರಂತೆ ಅಳೆದು ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡಿ. ಗೆರೆ ಕೆಳಗಿಳಿಯುತ್ತಾ ಹೋಗುತ್ತಿದ್ದರೆ ಎಷ್ಟನೇ ಜಾಬ್‌ಗೆ ಇನ್ಸರ್ಟ್ ಬದಲಿಸಬೇಕೆಂದು ಅದೇ ಹೇಳುತ್ತದೆ. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ನಿಯಂತ್ರಣ ನಕ್ಷೆಯ ಹಿಂದಿರುವುದೂ ಇದೇ ವಿಚಾರ. ಅದಕ್ಕೆ ಕಂಪ್ಯೂಟರ್ ಬೇಕಾಗಿರಲಿಲ್ಲ, ನಿಮಗೂ ಬೇಕಿಲ್ಲ. ವಾಪಸ್ ಬಂದ ಲಾಟ್‌ಗಳ ವಿಷಯದಲ್ಲಿ ಇನ್ನೊಂದನ್ನೂ ನೋಡಿ. ಅಳತೆಗಳಿಗೆ ಜಗತ್ತಿನಾದ್ಯಂತ ಆಧಾರ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ಪೀಣ್ಯದ ಶೀಟ್ ಚಾವಣಿಯ ಕೆಳಗೆ, ಮಷೀನಿನಿಂದ ಆಗಷ್ಟೇ ಇಳಿದ ಬುಷ್ ಅದಕ್ಕಿಂತ ಎಷ್ಟೋ ಬಿಸಿಯಿರುತ್ತದೆ. ಹತ್ತು ಡಿಗ್ರಿ ವ್ಯತ್ಯಾಸಕ್ಕೆ 25 ಮಿ.ಮೀ. ಉಕ್ಕಿನ ಬೋರ್ ಸುಮಾರು 3 ಮೈಕ್ರಾನ್ ಹಿಗ್ಗುತ್ತದೆ; ನಿಮಗಿರುವ ಜಾಗದಲ್ಲಿ ಅದು ಏಳರಲ್ಲಿ ಒಂದು ಪಾಲು. ಬಿಸಿಯಲ್ಲಿ ಅಂಚಿನಲ್ಲಿ ಪಾಸಾದ ಬುಷ್ ಕಂಪನಿಯ ಎಸಿ ಕೋಣೆಯಲ್ಲಿ ಫೇಲಾಗಬಹುದು. ಹಾಗಾಗಿದ್ದರೆ ಅದರಲ್ಲಿ ಯಾರ ವಂಚನೆಯೂ ಇಲ್ಲ.

ಈಗ ಸಂಬಳ ಕಡಿತದ ಮಾತು, ಇದನ್ನು ಈ ತಿಂಗಳೇ ನಿಲ್ಲಿಸಬೇಕು. ಗುಣಮಟ್ಟದ ಕಾರಣಕ್ಕಲ್ಲದಿದ್ದರೂ ಕಾನೂನಿನ ಕಾರಣಕ್ಕಾದರೂ ನಿಲ್ಲಿಸಿ. ದಂಡ ಹಾಕುವ ಮೊದಲು ನೌಕರನಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು, ಯಾವ ತಪ್ಪುಗಳಿಗೆ ದಂಡವೆಂದು ಮೊದಲೇ ಅನುಮೋದನೆ ಪಡೆದು ಪ್ರಕಟಿಸಿರಬೇಕು, ಒಂದು ವೇತನಾವಧಿಯ ದಂಡ ಆ ಅವಧಿಯ ವೇತನದ ಶೇ. 3ನ್ನು ಮೀರಬಾರದು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ಮಿತಿ 2019ರ ವೇತನ ಸಂಹಿತೆಯಲ್ಲೂ ಉಳಿದಿದೆ. ನಷ್ಟದ ಹೆಸರಿನಲ್ಲಿ ಹಿಡಿಯುವುದಾದರೆ ಆ ನಷ್ಟ ನೇರವಾಗಿ ಅವನ ನಿರ್ಲಕ್ಷ್ಯದಿಂದಲೇ ಆಗಿದೆಯೆಂದು ತೋರಿಸಬೇಕಾಗುತ್ತದೆ. ಕೀಲಿ ನಿಮ್ಮ ಕೈಯಲ್ಲಿದ್ದಾಗ ಸವೆದ ಇನ್ಸರ್ಟಿಗೆ ಅವನು ಹೊಣೆಯೆಂದು ಹೇಗೆ ತೋರಿಸುತ್ತೀರಿ? ಇದುವರೆಗೆ ಹಿಡಿದ ಹಣವನ್ನು ಲೆಕ್ಕ ಹಾಕಿ ಹಿಂದಿರುಗಿಸಿ. ಹುಡುಗರು ನಿಮ್ಮನ್ನು ಮೆತ್ತಗಾದಳೆಂದು ತಿಳಿದುಕೊಳ್ಳುತ್ತಾರೆ ಎಂಬ ಅಂಜಿಕೆ ನಿಮಗಿರಬಹುದು. ತಾನು ಮಾಡಿದ ನಿಯಮ ತಪ್ಪೆಂದು ಕಂಡು ಬದಲಾಯಿಸುವ ಮಾಲೀಕರನ್ನು ಕೆಲಸಗಾರರು ಹಗುರವಾಗಿ ಕಾಣುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೋದ್ಯಮಿಗಳಿಗೆ ಪಾಠ ಹೇಳಿದ ಎಡ್ವರ್ಡ್ಸ್ ಡೆಮಿಂಗ್ ತಮ್ಮ ಹದಿನಾಲ್ಕು ಸೂತ್ರಗಳಲ್ಲಿ, ಕೆಲಸದ ಜಾಗದಿಂದ ಭಯವನ್ನು ಓಡಿಸಬೇಕೆಂಬುದನ್ನೂ ಒಂದಾಗಿ ಸೇರಿಸಿದ್ದರು. ಅವರು ಸಂಖ್ಯಾಶಾಸ್ತ್ರಜ್ಞರಾಗಿದ್ದುದರಿಂದ ಈ ಮಾತಿಗೆ ತೂಕ ಹೆಚ್ಚು: ಹೆದರಿದವರು ಕೊಟ್ಟ ಅಂಕಿಯಿಂದ ಏನನ್ನೂ ಸುಧಾರಿಸಲಾಗದು. ಟೊಯೋಟಾದ ಕಾರ್ಖಾನೆಗಳಲ್ಲಿ ದೋಷ ಕಂಡ ಯಾವ ಕೆಲಸಗಾರನೂ ಹಗ್ಗ ಎಳೆದು ಮೇಲಿನವರನ್ನು ಕರೆಯಬಹುದು, ಬೇಕಾದರೆ ಸಾಲನ್ನೇ ನಿಲ್ಲಿಸಬಹುದು ಎಂಬ ಪದ್ಧತಿಯೂ ಇದೇ ತಿಳಿವಳಿಕೆಯ ಮೇಲೆ ನಿಂತಿದೆ. ಇವೆಲ್ಲ ದೊಡ್ಡವರಿಗೆ ಮಾತ್ರ ಎನ್ನಬೇಡಿ. ನಮ್ಮ ಪಕ್ಕದ ಹೊಸೂರಿನ ಟಿವಿಎಸ್ ಮೋಟಾರ್ 2002ರಲ್ಲಿ ಡೆಮಿಂಗ್ ಹೆಸರಿನ ಪ್ರಶಸ್ತಿ ಪಡೆದದ್ದು ಈ ನೆಲದ ಕೆಲಸಗಾರರನ್ನು ಇಟ್ಟುಕೊಂಡೇ. ನಿಮ್ಮಲ್ಲಿ ಹಗ್ಗವೂ ಬೇಡ, ಪ್ರತಿ ಮಷೀನಿನ ಪಕ್ಕ ಒಂದು ಕೆಂಪು ಟ್ರೇ ಇಟ್ಟರೆ ಸಾಕು. ಕೆಟ್ಟದ್ದು, ಅನುಮಾನದ್ದು ಎಲ್ಲ ಅದರೊಳಗೆ. ಅದರಲ್ಲಿ ಹಾಕಿದ್ದಕ್ಕೆ ಯಾರಿಗೂ ಒಂದು ರೂಪಾಯಿ ಹಿಡಿಯುವುದಿಲ್ಲವೆಂದು ಬರೆದು ಅಂಟಿಸಿ. ಮೊದಲ ತಿಂಗಳು ರಿಜೆಕ್ಷನ್ ಸಂಖ್ಯೆ ಹಠಾತ್ತನೆ ಏರುತ್ತದೆ. ಆಗ ದಯವಿಟ್ಟು ಗಾಬರಿಯಾಗಬೇಡಿ, ಮುಖ ಗಂಟಿಕ್ಕಬೇಡಿ. ಅಡಗಿದ್ದದ್ದು ಹೊರಗೆ ಬರುತ್ತಿದೆ, ಅಷ್ಟೇ.

ಇನ್ನು ಮಾಮನವರ ವಿಷಯ. ಅವರು ಕೆಟ್ಟ ಬುಷ್‌ಗಳನ್ನು ಚೀಲಕ್ಕೆ ಹಾಕಿಸಿದರು, ಒಳ್ಳೆಯವುಗಳ ಕ್ರೇಟಿಗೆ ಸೇರಿಸಲಿಲ್ಲ. ಅಂದರೆ ಅವರು ನಿಮ್ಮಿಂದ ಮರೆಮಾಚಿದರು, ಗ್ರಾಹಕರಿಗೆ ಮೋಸ ಮಾಡಲು ಮನಸ್ಸು ಒಪ್ಪಲಿಲ್ಲ. ಜೊತೆಗೆ, ಎಲ್ಲರ ಎದುರು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡು ಹುಡುಗರ ಸಂಬಳ ಉಳಿಸಿದರು. ಇದು ಮೇಸ್ತ್ರಿಯಾಗಿ ಅವರು ಮಾಡಬೇಕಾಗಿದ್ದ ಕೆಲಸವಲ್ಲ, ನಿಮ್ಮ ಬಳಿ ಬಂದು ಜಗಳವಾಡಬೇಕಾಗಿತ್ತು. ಆದರೂ ಕಳ್ಳತನಕ್ಕೂ ಇದಕ್ಕೂ ಇರುವ ಅಂತರವನ್ನು ನೀವು ಕಾಣದೆ ಹೋಗಬಾರದು. ವಾಪಸ್ ಬಂದ ಎರಡು ಲಾಟ್‌ಗಳಲ್ಲಿ ಗೊತ್ತಿದ್ದೂ ಕಳಿಸಿದ ಜಾಬ್‌ಗಳಿದ್ದವೇ ಎಂದು ಅವರನ್ನು ನೇರವಾಗಿ ಕೇಳಿ. ಹೌದೆಂದರೆ ವಿಷಯ ಬೇರೆಯಾಗುತ್ತದೆ, ಅದಕ್ಕೆ ಲಿಖಿತ ಎಚ್ಚರಿಕೆ ಕೊಡಲೇಬೇಕು.

ಮಾತನ್ನು ಭಾನುವಾರ ಶಾಪ್ ಖಾಲಿಯಿರುವಾಗ, ಮಷೀನಿನ ಪಕ್ಕದಲ್ಲಿ, ಅಳತೆ ಬರೆದ ಪುಸ್ತಕ ಮುಂದಿಟ್ಟುಕೊಂಡು ಆಡಿ. ಕ್ಯಾಬಿನ್ ಬೇಡ. ನಾನಾಗಿದ್ದರೆ ಹೀಗೆ ಶುರುಮಾಡುತ್ತಿದ್ದೆ: "ಮಾಮ, ಸಂಬಳ ಹಿಡಿದದ್ದು ನನ್ನ ತಪ್ಪು, ವಾಪಸ್ ಕೊಡುತ್ತಿದ್ದೇನೆ. ಆದರೆ ನೀವು ನನಗೆ ಹೇಳದೆ ಇದ್ದದ್ದು ನನಗೆ ತುಂಬ ನೋವಾಯಿತು. ಅಪ್ಪನಿಗೆ ಹೇಳುತ್ತಿದ್ದಿರಿ ತಾನೇ?" ಆಮೇಲೆ ಸುಮ್ಮನಿರಿ, ಅವರು ಮಾತಾಡಲಿ. ಪುಟ್ಟಿ ಎಂದು ಕರೆಯುವ ವಿಷಯವನ್ನೂ ಅಂದೇ ಹೇಳಿಬಿಡಿ. ಮನೆಗೆ ಬಂದಾಗ ಪುಟ್ಟಿ ಎನ್ನಲಿ, ಶಾಪಿನಲ್ಲಿ ಹುಡುಗರು ಮೇಡಂ ಎನ್ನುವವರನ್ನು ಅವರೂ ಮೇಡಂ ಎನ್ನಲಿ. ಇದನ್ನು ಕೇಳಲು ನಿಮಗೆ ಸಂಕೋಚವಾಗಬಹುದು, ಆದರೆ ಆ ಒಂದು ಕರೆಯಿಂದ ಹುಡುಗರು ಮೂರು ವರ್ಷದಿಂದ ಇಲ್ಲಿ ಯಾರ ಮಾತು ನಡೆಯುತ್ತದೆಂದು ಲೆಕ್ಕ ಹಾಕುತ್ತಿದ್ದಾರೆ.

ಅವರ ಕೆಲಸವನ್ನು ಬದಲಿಸಿ. ಜಾಬ್ ಸಂಖ್ಯೆಯ ಇನ್ಸೆಂಟಿವ್ ಪಡೆಯುವವರೇ ಜಾಬ್ ಸರಿಯೆಂದು ಸಹಿ ಹಾಕುವುದು ಯಾವ ಶಾಪಿನಲ್ಲೂ ನಿಲ್ಲುವ ಪದ್ಧತಿಯಲ್ಲ. ಮಾಮನನ್ನು ಇನ್ಸೆಂಟಿವ್‌ನಿಂದ ಹೊರಗಿಟ್ಟು, ಅವರಿಗೆ ಇಷ್ಟುದಿನ ಬರುತ್ತಿದ್ದ ಸರಾಸರಿ ಮೊತ್ತವನ್ನು ಸಂಬಳಕ್ಕೇ ಸೇರಿಸಿ, ಪ್ರತಿ ಪಾಳಿಯ ಮೊದಲ ಜಾಬ್ ಒಪ್ಪಿಗೆ, ಇನ್ಸರ್ಟ್ ಬೀರುವಿನ ಕೀಲಿ ಮತ್ತು ಹೊಸ ಹುಡುಗರಿಗೆ ಗೇಜ್ ಹಿಡಿಯಲು ಕಲಿಸುವುದು, ಈ ಮೂರನ್ನು ಕೊಡಿ. ಕೀಲಿ ಕೊಡುವುದು ನಿಮಗೆ ಕಷ್ಟವೆನಿಸುತ್ತದೆಂದು ಬಲ್ಲೆ. ಖರ್ಚಾದ ಇನ್ಸರ್ಟ್ ಮತ್ತು ಆದ ಜಾಬ್ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಸಿ, ವಾರಕ್ಕೊಮ್ಮೆ ಇಬ್ಬರೂ ಕೂತು ನೋಡಿ. ಡಿಸ್ಪ್ಯಾಚ್‌ಗೆ ಮುಂಚಿನ ಕೊನೆಯ ತಪಾಸಣೆ ಮಾತ್ರ ಬೇರೊಬ್ಬರ ಕೈಯಲ್ಲಿರಲಿ. ಇಷ್ಟಾದ ಮೇಲೂ ಅವರು ಬಚ್ಚಿಟ್ಟರೆ ಆಗ ನೋಟಿಸ್ ಕೊಟ್ಟು, ಉತ್ತರ ಪಡೆದು, ಕ್ರಮಬದ್ಧವಾಗಿ ವಿಚಾರಣೆ ನಡೆಸಿ ತೀರ್ಮಾನ ಮಾಡಿ. ಆಗ ನನ್ನ ಸಲಹೆಯೂ ಬೇರೆಯಾಗಿರುತ್ತದೆ.

ಇಂದಲ್ಲ ನಾಳೆ ಅವರು ನಿವೃತ್ತರಾಗುತ್ತಾರೆ, ಅದಕ್ಕೂ ಈಗಲೇ ಸಿದ್ಧತೆ ಬೇಕು. ಗ್ರಾಚ್ಯುಟಿ ವರ್ಷಕ್ಕೆ 15 ದಿನದ ಸಂಬಳ, ದಿನದ ಸಂಬಳವೆಂದರೆ ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿದ್ದು. ಅದು ತಿಂಗಳಿಗೆ 26,000 ರೂಪಾಯಿ ಎಂದಿಟ್ಟುಕೊಂಡರೆ 26 ವರ್ಷಕ್ಕೆ 3,90,000 ರೂಪಾಯಿ ಆಗುತ್ತದೆ. ಆ ಹಣವನ್ನು ಬೇರೆಯಾಗಿ ಎತ್ತಿಡಲು ತೊಡಗಿ, ಅಷ್ಟು ಹಣ ತಮಗೆ ಬರುವುದಿದೆಯೆಂದು ಅವರಿಗೂ ಗೊತ್ತಿರಲಿ.

ಮನೆಯಲ್ಲಿ ಅಪ್ಪನಿಗೆ ತೀರ್ಮಾನವಾದ ಮೇಲೆ ತಿಳಿಸುವುದಕ್ಕಿಂತ, ಭಾನುವಾರದ ಮಾತಿಗೆ ಮುಂಚೆಯೇ ಇದನ್ನೆಲ್ಲ ಹೇಳಿ. ಒಪ್ಪಿಗೆ ಕೇಳಬೇಡಿ, ಮಾಹಿತಿ ಕೊಡಿ. ಶಾಪ್ ನಡೆಸುತ್ತಿರುವವರು ನೀವು. ಮಾಮನನ್ನು ತೆಗೆಯುತ್ತಿಲ್ಲವೆಂದು ಅಮ್ಮನಿಗೆ ಅದೇ ದಿನ ಗೊತ್ತಾದರೆ ಮನೆಯೊಳಗಿನ ಬಿಗುವು ಅರ್ಧ ಸಡಿಲವಾಗುತ್ತದೆ. ಪಂಪ್ ಕಂಪನಿಯ ಪತ್ರಕ್ಕೆ ಅಳತೆಗಳ ಪಟ್ಟಿ, ಕಂಡ ಕಾರಣ, ಇನ್ಸರ್ಟ್ ಬದಲಿಸುವ ಹೊಸ ನಿಯಮ, ತಣ್ಣಗಾದ ಮೇಲೆ ಅಳೆಯುವ ಕ್ರಮ ಇಷ್ಟನ್ನು ಬರೆದು, ನಡುವೆ ತಪ್ಪಿದ್ದನ್ನು ಮುಚ್ಚಿಡದೆ ಉತ್ತರಿಸಿ. ಗಡುವು ಒಂದು ತಿಂಗಳಿದೆ, ಚೀಲ ಅಳೆಯಲು ಒಂದೆರಡು ದಿನ ಬೇಕು. ಆ ಕೆಲಸ ಈ ವಾರವೇ ಶುರುವಾಗಲಿ.